ಗ್ಯಾಲನ್ ಲೆಕ್ಕ ಗ್ರಾಹಕರ ತಲೆಗೇಕೆ?

ಅಮೆರಿಕದ ದಿನಸಿ ಅಂಗಡಿಗಳಲ್ಲಿ ಸಿಗುವ ಅರ್ಧ ಗ್ಯಾಲನ್ ಹಾಲಿನ ಡಬ್ಬಿಯ ಮೇಲೆ 64 ದ್ರವ ಔನ್ಸ್ ಎಂದೂ ಅದರ ಪಕ್ಕದಲ್ಲೇ 1.89 ಲೀಟರ್ ಎಂದೂ ಅಚ್ಚಾಗಿರುತ್ತದೆ. ಡಬ್ಬಿಯನ್ನು ತಿರುಗಿಸಿದರೆ ಪೌಷ್ಟಿಕಾಂಶದ ಪಟ್ಟಿ. ಒಬ್ಬರು ಒಂದು ಸಲಕ್ಕೆ ಕುಡಿಯುವ ಪ್ರಮಾಣ ಒಂದು ಕಪ್, ಅಂದರೆ 240 ಮಿ.ಲೀ.; ಡಬ್ಬಿಯಲ್ಲಿ ಅಂಥ ಎಂಟು ಕಪ್ ಇದೆ ಎಂದು ಅಲ್ಲಿ ಬರೆದಿರುತ್ತದೆ. ಎಂಟನ್ನು 240ರಿಂದ ಗುಣಿಸಿದರೆ ಬರುವುದು 1.92 ಲೀಟರ್. ಮುಂದುಗಡೆ ನೋಡಿದರೆ 1.89, ಹಿಂದುಗಡೆ ನೋಡಿದರೆ 1.92. ಇದರಲ್ಲಿ ಮೋಸವೇನೂ ಇಲ್ಲ, ಎರಡೂ ಕಾನೂನಿನ ಪ್ರಕಾರವೇ ಇವೆ. ಡಬ್ಬಿಯಲ್ಲಿ ಎಷ್ಟು ಹಾಲಿದೆ ಎಂದು ಹೇಳುವಾಗ ಒಂದು ಔನ್ಸ್ ಅಂದರೆ 29.57 ಮಿ.ಲೀ. ಪೌಷ್ಟಿಕಾಂಶದ ಪಟ್ಟಿಯ ಮಟ್ಟಿಗೆ ಮಾತ್ರ ಔನ್ಸನ್ನು 30 ಮಿ.ಲೀ. ಎಂದೂ ಕಪ್ಪನ್ನು 240 ಮಿ.ಲೀ. ಎಂದೂ ಹಿಡಿಯಬೇಕೆಂದು ಆ ದೇಶದ ಆಹಾರ ಮತ್ತು ಔಷಧ ಆಡಳಿತದ ನಿಯಮವೇ ಹೇಳುತ್ತದೆ. ಹೀಗೆ ಒಂದೇ ಡಬ್ಬಿಯ ಎರಡು ಮಗ್ಗುಲಲ್ಲಿ ಎರಡು ಬಗೆಯ ಔನ್ಸ್.

ಮೂವತ್ತು ಮಿ.ಲೀ. ಹಾಲಿನ ವ್ಯತ್ಯಾಸದಿಂದ ಯಾರ ಮನೆಯೂ ಮುಳುಗುವುದಿಲ್ಲ, ನಿಜ. ಆದರೆ ಅಮೆರಿಕದ ಅಳತೆಯನ್ನು ಮೆಟ್ರಿಕ್‌ಗೆ ತರುವುದು ಬರೀ ಗುಣಾಕಾರ, ಸಂಖ್ಯೆಯೊಂದು ಗೊತ್ತಿದ್ದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಎಷ್ಟು ಟೊಳ್ಳು ಎಂಬುದು ಈ ಡಬ್ಬಿಯಿಂದ ಗೊತ್ತಾಗುತ್ತದೆ. ಗುಣಿಸುವ ಮುನ್ನ ಇದು ಯಾವ ದೇಶದ ಗ್ಯಾಲನ್, ಯಾವ ಉದ್ದೇಶದ ಔನ್ಸ್, ಅಳೆದಿರುವುದು ಜಾಗವನ್ನೋ ತೂಕವನ್ನೋ ಎಂಬುದು ತಿಳಿದಿರಬೇಕು. ಇದೆಲ್ಲ ಚೆನ್ನಾಗಿ ಗೊತ್ತಿರುವುದು ಅಳತೆಯನ್ನು ಬರೆದವರಿಗೆ. ಓದುವವರು ಊಹಿಸಬೇಕಾಗುತ್ತದೆ. ಹೀಗಿದ್ದೂ ಪರಿವರ್ತಿಸುವ ಹೊಣೆಯನ್ನು ನಾವು ಓದುವವರ ತಲೆಗೇ ಕಟ್ಟುತ್ತ ಬಂದಿದ್ದೇವೆ. ಇದು ತಲೆಕೆಳಗಾದ ಪದ್ಧತಿ. ತಯಾರಕರಿರಲಿ, ವೈದ್ಯರಿರಲಿ, ಅಡುಗೆ ಪುಸ್ತಕ ಬರೆಯುವವರಿರಲಿ, ಸರ್ಕಾರಿ ಇಲಾಖೆಯಿರಲಿ, ಅಳತೆಯನ್ನು ಯಾರು ಬರೆಯುತ್ತಾರೋ ಅವರೇ ಅದನ್ನು ಮೆಟ್ರಿಕ್‌ನಲ್ಲಿ ಕೊಡಬೇಕು ಎಂಬುದು ನನ್ನ ವಾದ.

ಗೊಂದಲದ ಬೇರು ಹಳೆಯದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ರಾಣಿ ಆ್ಯನ್ ಆಳ್ವಿಕೆಯಲ್ಲಿ, ವೈನ್ ಅಳೆಯುವ ಗ್ಯಾಲನ್ ಅಂದರೆ 231 ಘನ ಅಂಗುಲ ಎಂದು ಇಂಗ್ಲೆಂಡಿನ ಕಾನೂನು ಗೊತ್ತುಪಡಿಸಿತು. ಅದೇ ಕಾಲಕ್ಕೆ ಅದೇ ಊರುಗಳಲ್ಲಿ ಬಿಯರ್ ಅಳೆಯಲು 282 ಘನ ಅಂಗುಲದ ಇನ್ನೊಂದು ಗ್ಯಾಲನ್ ಇತ್ತು, ಧಾನ್ಯಕ್ಕೆ ಮತ್ತೊಂದು. 1824ರಲ್ಲಿ ಬ್ರಿಟನ್ ಇವೆಲ್ಲವನ್ನೂ ಕೈಬಿಟ್ಟು, ಹತ್ತು ಪೌಂಡ್ ನೀರು ಹಿಡಿಯುವಷ್ಟು ಜಾಗವೇ ಗ್ಯಾಲನ್ ಎಂದು ಹೊಸದಾಗಿ ನಿಗದಿ ಮಾಡಿತು. ಆ ಹೊತ್ತಿಗೆ ಅಮೆರಿಕ ಬ್ರಿಟಿಷರ ಕೈತಪ್ಪಿ ನಾಲ್ಕು ದಶಕ ದಾಟಿತ್ತು. ಅದು 1832ರಲ್ಲಿ ಹಳೆಯ ವೈನ್ ಗ್ಯಾಲನ್ನನ್ನೇ ತನ್ನದೆಂದು ಉಳಿಸಿಕೊಂಡಿತು. ಅಂದಿನಿಂದ ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಒಂದನ್ನು ಇಷ್ಟರಿಂದ ಗುಣಿಸಿದರೆ ಇನ್ನೊಂದು ಬರುತ್ತದೆ ಎಂದು ಬಾಯಿಪಾಠ ಮಾಡಿಕೊಂಡರೂ ಅದು ಎಲ್ಲ ಕಡೆ ನಡೆಯುವುದಿಲ್ಲ. ಬ್ರಿಟನ್ನಿನ ಪೈಂಟ್‌ನಲ್ಲಿ 20 ಔನ್ಸ್, ಅಮೆರಿಕದ ಪೈಂಟ್‌ನಲ್ಲಿ 16. ಹಾಗೆಂದು ಅಮೆರಿಕದ ಔನ್ಸ್ ಚಿಕ್ಕದೇ ಎಂದರೆ ಅದೂ ಅಲ್ಲ, ಬ್ರಿಟನ್ನಿನ 28.41 ಮಿ.ಲೀ.ಗಿಂತ ತುಸು ದೊಡ್ಡದೇ. ಪೈಂಟ್ ಚಿಕ್ಕದು, ಔನ್ಸ್ ದೊಡ್ಡದು! ಲಂಡನ್ನಿನ ಜಾಹೀರಾತಿನಲ್ಲಿ ಗ್ಯಾಲನ್ನಿಗೆ 40 ಮೈಲಿ ಓಡುವ ಕಾರು ನ್ಯೂಯಾರ್ಕಿನ ಲೆಕ್ಕದಲ್ಲಿ 33 ಮೈಲಿ ಮಾತ್ರ ಓಡುತ್ತದೆ. ಕಾರೂ ಬದಲಾಗಿಲ್ಲ, ಎಂಜಿನ್ನೂ ಬದಲಾಗಿಲ್ಲ.

ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ದಿನವೂ ಕಾಣುವ ಕಚ್ಚಾ ತೈಲದ ಬ್ಯಾರೆಲ್ ಕೂಡ ಇದೇ ಕುಟುಂಬದ್ದು. ತೈಲದ ಬ್ಯಾರೆಲ್ ಅಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಅದೇ ಅಮೆರಿಕದಲ್ಲಿ ಬಿಯರ್ ಬ್ಯಾರೆಲ್‌ಗೆ 31 ಗ್ಯಾಲನ್. ಪೆಟ್ರೋಲ್ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುವ ಓದುಗ, ಬ್ಯಾರೆಲ್‌ಗೆ ಇಷ್ಟು ಡಾಲರ್ ಎಂಬ ಸುದ್ದಿ ಓದಿ ಅದರಿಂದ ತನಗೇನಾಯಿತು ಎಂದು ತಿಳಿಯಬೇಕಾದರೆ 159ರಿಂದ ಭಾಗಿಸಿ, ಡಾಲರನ್ನು ರೂಪಾಯಿಗೆ ತಿರುಗಿಸಿಕೊಳ್ಳಬೇಕು. ಯಾರಿಗೆ ಅಷ್ಟು ಪುರುಸೊತ್ತಿದೆ?

ಅಮೆರಿಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ದಾಖಲೆ ಬೇರೆಯೇ ಹೇಳುತ್ತದೆ. 1866ರಲ್ಲೇ ಅಲ್ಲಿ ಮೆಟ್ರಿಕ್ ಬಳಕೆ ಕಾನೂನುಬದ್ಧವಾಯಿತು. 1875ರ ಮೀಟರ್ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ ದೇಶಗಳಲ್ಲಿ ಅದೂ ಒಂದು. 1893ರಿಂದ ಅಲ್ಲಿನ ಗಜ ಮತ್ತು ಪೌಂಡ್‌ಗಳಿಗೆ ಮೀಟರ್ ಮತ್ತು ಕಿಲೋಗ್ರಾಂಗಳೇ ಆಧಾರ. 1959ರಲ್ಲಿ ಒಂದು ಅಂಗುಲ ಅಂದರೆ ಕರಾರುವಾಕ್ಕಾಗಿ 2.54 ಸೆಂ.ಮೀ. ಎಂದು ನಿಗದಿಯಾದ ಮೇಲಂತೂ ಅಮೆರಿಕದ ಗ್ಯಾಲನ್ 3.785411784 ಲೀಟರ್ ಎಂದು ಗಟ್ಟಿಯಾಯಿತು. ಅಂದರೆ ಅಲ್ಲಿ ಗ್ಯಾಲನ್ ಬದುಕಿರುವುದೇ ಮೆಟ್ರಿಕ್‌ನ ಆಸರೆಯಲ್ಲಿ. 1975ರಲ್ಲಿ ಮೆಟ್ರಿಕ್ ಪರಿವರ್ತನೆ ಕಾಯ್ದೆಯೂ ಬಂತು. ಆದರೆ ಅದಕ್ಕೆ ಗಡುವಿರಲಿಲ್ಲ, ಬೇಕಾದವರು ಬದಲಾಗಬಹುದು ಎಂಬಷ್ಟೇ ಧೋರಣೆ. ಅದಕ್ಕಾಗಿ ಮಾಡಿದ ಮಂಡಳಿ 1982ರಲ್ಲಿ ಮುಚ್ಚಿಹೋಯಿತು. ಭಾರತ 1956ರಲ್ಲಿ ಕಾಯ್ದೆ ಮಾಡಿ, 1958ರ ಅಕ್ಟೋಬರ್‌ನಿಂದ ಜಾರಿ ಆರಂಭಿಸಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲೇ ಸೇರು, ಪಾವು, ಕೊಳಗ, ಖಂಡುಗಗಳನ್ನು ವ್ಯಾಪಾರದ ಲೆಕ್ಕದಿಂದ ಕೆಳಗಿಳಿಸಿತು. ಅಕ್ಷರಸ್ಥರ ಸಂಖ್ಯೆ ತೀರಾ ಕಡಿಮೆಯಿದ್ದ ಕಾಲದ ಮಾತು ಅದು. ಅಮೆರಿಕದಲ್ಲಿ ಆಗದಿದ್ದುದು ನಮ್ಮಲ್ಲಿ ಹೇಗಾಯಿತು ಎಂದರೆ, ಇಲ್ಲಿ ಬದಲಾಗುವ ಹೊಣೆ ಅಂಗಡಿಯ ತಕ್ಕಡಿ ಮತ್ತು ಅಳತೆ ಪಾತ್ರೆಗಳ ಮೇಲೆ ಬಿತ್ತು. ಅಲ್ಲಿ ಅದು ಯಾರ ಮೇಲೂ ಬೀಳಲಿಲ್ಲ.

ಅಮೆರಿಕದಲ್ಲೂ ಎಲ್ಲೆಲ್ಲಿ ಹೊಣೆ ತಯಾರಕರ ಹೆಗಲೇರಿತೋ ಅಲ್ಲಿ ಬದಲಾವಣೆ ಸದ್ದಿಲ್ಲದೆ ಆಗಿಹೋಗಿದೆ. ಎರಡು ಲೀಟರ್ ಸೋಡಾ ಬಾಟಲಿ 1970ರಿಂದ ಅಲ್ಲಿನ ಮನೆಮಾತು. ವೈನ್ ಮತ್ತು ಮದ್ಯದ ಬಾಟಲಿ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ 750 ಮಿ.ಲೀ. ಆಯಿತು. ಅದಕ್ಕೆ ಮೊದಲು ಗ್ಯಾಲನ್ನಿನ ಐದನೇ ಒಂದು ಭಾಗ, ಅಂದರೆ 757 ಮಿ.ಲೀ. ಇರುತ್ತಿತ್ತು. ಯಾವ ಕುಡುಕನೂ ಬೀದಿಗಿಳಿದು ಪ್ರತಿಭಟಿಸಿದ್ದು ವರದಿಯಾಗಿಲ್ಲ. ಜನರಿಗೆ ಅಭ್ಯಾಸ ತಪ್ಪಿಹೋಗುತ್ತದೆ, ಗೊಂದಲವಾಗುತ್ತದೆ ಎಂಬ ಆಕ್ಷೇಪಕ್ಕೆ ಈ ಎರಡು ಬಾಟಲಿಗಳೇ ಸಾಕಷ್ಟು ಉತ್ತರ.

ಹೊಣೆ ಯಾರದೆಂದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1983ರ ಜುಲೈ 23ರ ಏರ್ ಕೆನಡಾ 143 ವಿಮಾನಕ್ಕಿಂತ ದೊಡ್ಡ ಪಾಠ ಇಲ್ಲ. ಕೆನಡಾ ಆಗಷ್ಟೇ ಮೆಟ್ರಿಕ್‌ಗೆ ಹೊರಳುತ್ತಿತ್ತು. ಹೊಸ ಬೋಯಿಂಗ್ 767ರ ಇಂಧನ ಲೆಕ್ಕ ಕಿಲೋಗ್ರಾಂನಲ್ಲಿತ್ತು. ಇಂಧನ ತೋರಿಸುವ ಮೀಟರ್ ಕೆಟ್ಟಿದ್ದರಿಂದ ಮಾಂಟ್ರಿಯಲ್‌ನಲ್ಲಿ ಟ್ಯಾಂಕಿಗೆ ಅಳತೆ ಕಡ್ಡಿ ಹಾಕಿ ನೋಡಿದರು. ಒಳಗಿದ್ದುದು 7,682 ಲೀಟರ್. ಪ್ರಯಾಣಕ್ಕೆ ಬೇಕಾದದ್ದು 22,300 ಕೆ.ಜಿ. ಲೀಟರನ್ನು ಕಿಲೋಗೆ ತಿರುಗಿಸಲು 0.8ರ ಆಸುಪಾಸಿನ ಸಂಖ್ಯೆಯಿಂದ ಗುಣಿಸಬೇಕಿತ್ತು. ಆದರೆ ಇಂಧನ ತುಂಬುವವರ ಚೀಟಿಯಲ್ಲಿ ಇದ್ದದ್ದು 1.77. ಅದು ಲೀಟರಿಗೆ ಇಷ್ಟು ಪೌಂಡ್ ಎಂಬ ಹಳೆಯ ಲೆಕ್ಕ, ಸಂಖ್ಯೆಯ ಮುಂದೆ ಪೌಂಡ್ ಎಂಬ ಮಾತಿರಲಿಲ್ಲ. ಅದರಿಂದಲೇ ಗುಣಿಸಿ, ಟ್ಯಾಂಕಿನಲ್ಲಿ ಆಗಲೇ ಹದಿಮೂರೂವರೆ ಸಾವಿರ ಕಿಲೋ ಇದೆ ಎಂದುಕೊಂಡು ಐದು ಸಾವಿರ ಲೀಟರಿಗೂ ಕಡಿಮೆ ತುಂಬಿಸಿದರು. ತುಂಬಿಸಬೇಕಾಗಿದ್ದುದು ಇಪ್ಪತ್ತು ಸಾವಿರ ಲೀಟರ್. ಅಟ್ಟಾವಾದಲ್ಲಿ ಮತ್ತೊಮ್ಮೆ ಪರಿಶೀಲಿಸಿದರು, ಆದರೆ ಅದೇ 1.77ರಿಂದ. ತಪ್ಪು ಎರಡನೇ ಸಲವೂ ಸರಿಯಾಗಿಯೇ ಕಂಡಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ತೀರಿ, ಒಂದಾದ ಮೇಲೊಂದು ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಆ ದೊಡ್ಡ ವಿಮಾನವನ್ನು ತೇಲಿಸಿಕೊಂಡೇ ಹೋಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ 69 ಜೀವ ಉಳಿಯಿತು.

ಇದನ್ನು ಗಣಿತದ ತಪ್ಪು ಎಂದು ಬರೆಯುವುದು ವಾಡಿಕೆ. ಗುಣಾಕಾರದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಹಿಂದಿನ ವಿಮಾನಗಳಲ್ಲಿ ಇಂಧನದ ಲೆಕ್ಕ ನೋಡಿಕೊಳ್ಳಲು ಫ್ಲೈಟ್ ಎಂಜಿನಿಯರ್ ಎಂಬ ಮೂರನೆಯವರು ಇರುತ್ತಿದ್ದರು. ಹೊಸ ವಿಮಾನದಲ್ಲಿ ಪೈಲಟ್‌ಗಳು ಇಬ್ಬರೇ. ಆ ಲೆಕ್ಕ ಇನ್ನು ಯಾರದು ಎಂದು ಸ್ಪಷ್ಟವಾಗಿ ಹೇಳಿರಲಿಲ್ಲ, ತರಬೇತಿಯನ್ನೂ ಕೊಟ್ಟಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಚೀಟಿ ಅಚ್ಚು ಹಾಕಿಸುವಾಗಲೇ ಕಿಲೋಗ್ರಾಂ ಸಂಖ್ಯೆ ಹಾಕಿದ್ದರೆ ವಿಮಾನದ ಕೆಳಗೆ ನಿಂತವರು ತಲೆಕೆಡಿಸಿಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ.

ವಿಮಾನದ ಸುದ್ದಿ ದೊಡ್ಡದಾಗುತ್ತದೆ, ಮಗುವಿನ ಔಷಧದ ಸುದ್ದಿ ಮನೆ ದಾಟುವುದಿಲ್ಲ. ಟೀ ಸ್ಪೂನ್ ಅಂದರೆ 5 ಮಿ.ಲೀ., ಟೇಬಲ್ ಸ್ಪೂನ್ ಅಂದರೆ 15. ಹೆಸರಿನಲ್ಲಿ ಕಣ್ತಪ್ಪಿದರೆ ಔಷಧ ಮೂರು ಪಟ್ಟಾಗುತ್ತದೆ. ಅಡುಗೆ ಮನೆಯ ಚಮಚಗಳಂತೂ ಒಂದರಂತೆ ಒಂದಿರುವುದಿಲ್ಲ. ಚಮಚದಲ್ಲಿ ಔಷಧ ಅಳೆಯುವುದು ನಂಬಲರ್ಹವಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1975ರಲ್ಲೇ ಎಚ್ಚರಿಸಿತ್ತು. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಮಕ್ಕಳ ತಂದೆತಾಯಿಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಿ.ಲೀ. ಲೆಕ್ಕದಲ್ಲಿ ಔಷಧ ಕೊಟ್ಟವರಿಗೆ ಹೋಲಿಸಿದರೆ ಚಮಚದ ಲೆಕ್ಕ ಹಿಡಿದವರು ತಪ್ಪುವ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಮರುವರ್ಷ ಆ ಅಕಾಡೆಮಿ, ಮಕ್ಕಳ ದ್ರವ ಔಷಧಗಳನ್ನು ಮಿ.ಲೀ.ನಲ್ಲಿ ಮಾತ್ರ ಬರೆಯಬೇಕು ಎಂದು ಸ್ಪಷ್ಟವಾಗಿ ಶಿಫಾರಸು ಮಾಡಿತು. ಎಚ್ಚರಿಕೆಗೂ ಶಿಫಾರಸಿಗೂ ನಡುವೆ ನಲವತ್ತು ವರ್ಷ!

ಇಲ್ಲಿ ನನ್ನ ವಾದಕ್ಕೇ ಎದುರಾಗುವ ಒಂದು ಮಾತಿದೆ. ಮಿ.ಲೀ. ಎಂದು ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ನಮ್ಮ ಅಮ್ಮಂದಿರು ಇಲ್ಲಿಂದ ಜ್ವರದ ಸಿರಪ್ ಒಯ್ಯುವುದುಂಟು. ಅಮೆರಿಕದ ಮಕ್ಕಳ ಸಿರಪ್‌ನಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ ಪ್ಯಾರಸಿಟಮಾಲ್ ಇದ್ದರೆ, ನಮ್ಮಲ್ಲಿ ಸಾಮಾನ್ಯವಾಗಿ 125 ಇರುತ್ತದೆ, ಕೆಲವದರಲ್ಲಿ 250. ಬಾಟಲಿ ಬದಲಾಗಿ ಮಿ.ಲೀ. ಅದೇ ಉಳಿದರೆ ಔಷಧದ ಪ್ರಮಾಣ ಏರುಪೇರಾಗುತ್ತದೆ. ಒಪ್ಪಬೇಕಾದ ಮಾತೇ. ಆದರೆ ಇದರಿಂದ ಚಮಚಕ್ಕೆ ಮರಳಬೇಕೆಂದು ಆಗುವುದಿಲ್ಲ, ಮಿ.ಲೀ. ಜೊತೆಗೆ ಮಿ.ಗ್ರಾಂ ಕೂಡ ಬರೆಯಬೇಕು ಎಂದಾಗುತ್ತದೆ. ಬರೆಯುವವರ ಕೆಲಸ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ. ಅಳತೆ ಗುರುತುಗಳಿರುವ ಮುಚ್ಚಳವೋ ಸಿರಿಂಜೋ ಕೈಗೆ ಸಿಗುವಾಗ ನಮ್ಮ ವೈದ್ಯರೂ ‘ಒಂದು ಚಮಚ ಮೂರು ಸಲ’ ಎಂದು ಹೇಳುವುದನ್ನು ಬಿಡಬೇಕು.

ಇಷ್ಟಕ್ಕೆಲ್ಲ ಮೊಬೈಲ್ ಇದೆಯಲ್ಲ, ಕೇಳಿದ ಕ್ಷಣಕ್ಕೆ ಉತ್ತರ ಕೊಡುತ್ತದಲ್ಲ ಎನ್ನುವವರಿದ್ದಾರೆ. ಒಂದು ಕಪ್ ಎಷ್ಟು ಎಂದು ಕೇಳಿದರೆ 236.588 ಮಿ.ಲೀ. ಎಂದು ಮೊಬೈಲ್ ಹೇಳುತ್ತದೆ, ನಿಜ. ಆದರೆ ಕಪ್ ಎಂದಿರುವ ಅಡುಗೆಯ ಪಾಕವನ್ನು ಬರೆದವರು ಆಸ್ಟ್ರೇಲಿಯಾದವರಾಗಿದ್ದರೆ ಅವರ ಕಪ್ 250 ಮಿ.ಲೀ., ಅವರ ಟೇಬಲ್ ಸ್ಪೂನ್ 15 ಅಲ್ಲ, 20 ಮಿ.ಲೀ. ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ ಜಪಾನಿನ ಲೆಕ್ಕದ್ದು, 180 ಮಿ.ಲೀ. ನಮ್ಮ ಅಂಗಡಿಗಳ ಅಳತೆ ಕಪ್‌ಗಳಲ್ಲಿ 240 ಎಂದಿರುವುವೂ ಇವೆ, 250 ಎಂದಿರುವುವೂ ಇವೆ. ಮೊಬೈಲ್‌ಗೆ ಇದರಲ್ಲಿ ಯಾವ ಕಪ್ ಎಂದು ಹೇಳುವವರು ಯಾರು? ಇನ್ನು ಮೈದಾ ಹಿಟ್ಟಿನ ವಿಷಯಕ್ಕೆ ಬಂದರೆ, ಚಮಚದಿಂದ ಹಗುರವಾಗಿ ಉದುರಿಸಿ ತುಂಬಿದ ಒಂದು ಅಮೆರಿಕನ್ ಕಪ್ ಸುಮಾರು 120 ಗ್ರಾಂ ತೂಗುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ 150 ದಾಟಬಹುದು. ದಶಮಾಂಶದ ಮೂರು ಸ್ಥಾನದವರೆಗಿನ ಉತ್ತರ ಇಟ್ಟುಕೊಂಡು, ಹಿಟ್ಟಿನಲ್ಲೇ ಕಾಲು ಭಾಗ ಹೆಚ್ಚುಕಡಿಮೆಯಾದರೆ ಕೇಕ್ ಇಟ್ಟಿಗೆಯಾಗುವುದನ್ನು ಯಾವ ಮೊಬೈಲೂ ತಪ್ಪಿಸುವುದಿಲ್ಲ. ಮಟ್ಟಸ ಮಾಡಿದ ಕಪ್ ಮತ್ತು ಚಮಚದ ಅಳತೆಯನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು 1896ರಲ್ಲಿ ಬಂದ ಫ್ಯಾನಿ ಫಾರ್ಮರ್ ಅವರ ಅಡುಗೆ ಪುಸ್ತಕ. ಹಿಡಿ, ಚಿಟಿಕೆಯ ಕಾಲದಲ್ಲಿ ಅದು ದೊಡ್ಡ ಸುಧಾರಣೆಯೇ. ಇನ್ನೂರು ಮುನ್ನೂರು ರೂಪಾಯಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಗುವ ಈ ಕಾಲದಲ್ಲಿ ಅದನ್ನೇ ಹಿಡಿದುಕೊಂಡು ಕೂರಲು ಕಾರಣವಿಲ್ಲ.

ಅಡುಗೆಗೆ ಇಷ್ಟೆಲ್ಲ ಕರಾರುವಾಕ್ಕು ಬೇಕೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಎಂದಾಗ ಲೋಟ ಯಾವುದಾದರೂ ದೋಸೆ ಕೆಡುವುದಿಲ್ಲ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಅಳೆದರೆ ಅನುಪಾತ ತಾನಾಗಿಯೇ ಉಳಿಯುತ್ತದೆ, ಪರಿವರ್ತನೆಯ ಮಾತೇ ಬರುವುದಿಲ್ಲ. ಆದರೆ ಪಾಕದಲ್ಲಿ ಎರಡು ಮೊಟ್ಟೆ, ಒಂದು ಪ್ಯಾಕೆಟ್ ಈಸ್ಟ್, ನಾಲ್ಕು ಔನ್ಸ್ ಬೆಣ್ಣೆ ಎಂಬಂಥ ಪಾತ್ರೆಗೆ ಸೇರದ ಅಳತೆಗಳು ನುಸುಳಿದ ಕೂಡಲೇ ಅನುಪಾತದ ಅನುಕೂಲ ಮುರಿದುಬೀಳುತ್ತದೆ. ಬೆಣ್ಣೆಯ ಔನ್ಸ್ ತೂಕದ್ದು, ಹಾಲಿನ ಔನ್ಸ್ ಜಾಗದ್ದು, ಎರಡಕ್ಕೂ ಹೆಸರು ಒಂದೇ. ಅಮೆರಿಕದಿಂದ ಕನ್ನಡದಲ್ಲಿ ಅಡುಗೆ ಬರೆಯುವವರೂ ವಿಡಿಯೊ ಮಾಡುವವರೂ ಇಂದು ಬಹಳ ಮಂದಿ. ಅವರು ಗ್ರಾಂ ಮತ್ತು ಮಿ.ಲೀ. ಹೇಳಿಬಿಟ್ಟರೆ ಇಲ್ಲಿ ನೋಡುವವರಿಗೆ ಎಷ್ಟೋ ಉಪಕಾರ.

ಅಮೆರಿಕದ ತಪ್ಪು ಹೇಳುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮಳೆಗಾಲದ ಯಾವುದೇ ದಿನದ ಕನ್ನಡ ಪತ್ರಿಕೆಯಲ್ಲಿ ಕೆಆರ್‌ಎಸ್ ಜಲಾಶಯದ ಮಟ್ಟ ಅಡಿಯಲ್ಲಿ, ಸಂಗ್ರಹ ಟಿಎಂಸಿ ಅಡಿಯಲ್ಲಿ, ಒಳಹರಿವು ಕ್ಯುಸೆಕ್‌ನಲ್ಲಿ ಇರುತ್ತದೆ. ಅದೇ ಪುಟದಲ್ಲಿ ಬೆಂಗಳೂರಿನ ಪೂರೈಕೆ ದಶಲಕ್ಷ ಲೀಟರ್‌ನಲ್ಲಿ. ಟಿಎಂಸಿಯಲ್ಲೂ ಕ್ಯುಸೆಕ್‌ನಲ್ಲೂ ಇರುವುದು ಅಮೆರಿಕದ ನದಿಗಳನ್ನು ಇಂದಿಗೂ ಅಳೆಯುವ ಅದೇ ಘನ ಅಡಿ. ಗ್ಯಾಲನ್ನಿನಂತೆ ದೇಶಕ್ಕೊಂದಾಗಿಲ್ಲ ಎಂಬುದಷ್ಟೇ ಸಮಾಧಾನ. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್ ನೀರು ಬಿಡಬೇಕೆಂಬ ಆದೇಶ ಬಂದಾಗ ಮಂಡ್ಯದಲ್ಲಿ ರಸ್ತೆ ತಡೆ ನಡೆಯಿತು, ಬೆಂಗಳೂರು ಬಂದ್ ಆಯಿತು. ಆ ನೀರು ಎಷ್ಟು? ಲೆಕ್ಕ ಹಾಕಿದರೆ 6.48 ಟಿಎಂಸಿ, ಅಂದರೆ 18,349 ಕೋಟಿ ಲೀಟರ್. ಬೆಂಗಳೂರಿಗೆ ಕುಡಿಯುವ ನೀರು ತರಲು ಮರುವರ್ಷ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆ ಹಂತಕ್ಕೆ ಹೆಚ್ಚುಕಡಿಮೆ ಎಂಟು ತಿಂಗಳಿಗೆ ಸಾಲುವಷ್ಟು ನೀರಿನ ಬಗ್ಗೆ ನಾವು ಜಗಳವಾಡುತ್ತಿದ್ದೆವು. ಅದೇ ಐದನೇ ಹಂತ ವರ್ಷಕ್ಕೆ ಎತ್ತುವ ನೀರು ಸರಿಸುಮಾರು 10 ಟಿಎಂಸಿ ಎಂಬುದೂ ಇದೇ ಲೆಕ್ಕದಿಂದ ಸಿಗುತ್ತದೆ. ಈ ಹೋಲಿಕೆ ಇಟ್ಟುಕೊಂಡು ಯಾರ ಪರವಾಗಿ ಬೇಕಾದರೂ ವಾದಿಸಬಹುದು. ಆದರೆ ವಾದಿಸುವವರಿಗೂ ಕೇಳುವವರಿಗೂ ಪ್ರಮಾಣದ ಅಂದಾಜಿರಬೇಕು. ಟಿಎಂಸಿ ಎಂಬ ಮೂರಕ್ಷರ ಆ ಅಂದಾಜನ್ನು ಕೊಡುವುದಿಲ್ಲ.

ಕಾವೇರಿ ನ್ಯಾಯಮಂಡಳಿಯ ತೀರ್ಪೂ, ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಸಬೇಕೆಂಬ ಸುಪ್ರೀಂ ಕೋರ್ಟಿನ 2018ರ ತೀರ್ಪೂ ಟಿಎಂಸಿಯಲ್ಲೇ ಇರುವಾಗ ಅದನ್ನು ಬಿಡುವುದು ಹೇಗೆ ಎಂದು ಕೇಳಬಹುದು. ಬಿಡಬೇಕಾಗಿಲ್ಲ. ಕಾನೂನಿನ ಕಡತದಲ್ಲಿ ಟಿಎಂಸಿ ಇರಲಿ. ಜನರ ಮುಂದಿಡುವಾಗ ಅದರ ಪಕ್ಕದಲ್ಲಿ ಲೀಟರ್ ಇರಲಿ. ಅರ್ಧ ಲೀಟರ್ ಹಾಲಿನ ಪೊಟ್ಟಣದಿಂದ ಹಿಡಿದು ಬಂಕಿನ ಪೆಟ್ರೋಲಿನವರೆಗೆ ಮೆಟ್ರಿಕ್ ಅಳತೆ ಸರಿಯಿದೆಯೇ ಎಂದು ನೋಡಲು ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಜಲಾಶಯದ ನೀರಿನ ಲೆಕ್ಕ ಮಾತ್ರ ಆ ಶಿಸ್ತಿನ ಹೊರಗೆ ಏಕಿರಬೇಕು? ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಖರ್ಚೂ ಇಲ್ಲ. ನೀರಾವರಿ ನಿಗಮಗಳು ದಿನವೂ ಹೊರಡಿಸುವ ಜಲಾಶಯಗಳ ಪಟ್ಟಿಗೆ ಕೋಟಿ ಲೀಟರ್ ಎಂಬ ಒಂದು ಅಂಕಣವನ್ನು ಸೇರಿಸಲಿ. ಅವು ಸೇರಿಸುವವರೆಗೂ ಕಾಯದೆ ಕನ್ನಡ ಪತ್ರಿಕೆಗಳೇ ಆ ಲೆಕ್ಕವನ್ನು ಮಾಡಿ ಅಚ್ಚು ಹಾಕಲಿ.